ಮೀಟರಿನ ಸಣ್ಣ ಅಕ್ಷರಕ್ಕೆ ಬಣ್ಣ ಹಾಕುವ ಮುನ್ನ

ಹಳೇ ಜಾವಾ, ಯೆಜ್ಡಿ, ಬುಲೆಟ್‌ಗಳಿಗೆ ಈಗ ಮತ್ತೆ ಬೆಲೆ ಬಂದಿದೆ. ಕೊಟ್ಟಿಗೆಯ ಮೂಲೆಯಲ್ಲಿ ಗೋಣಿಚೀಲ ಹೊದ್ದು ಮಲಗಿದ್ದ ಗಾಡಿಗಳು ಒಂದೊಂದಾಗಿ ಹೊರಗೆ ಬರುತ್ತಿವೆ. ಅಜ್ಜನೋ ದೊಡ್ಡಪ್ಪನೋ ಓಡಿಸುತ್ತಿದ್ದ ಗಾಡಿಯನ್ನು ಮೊಮ್ಮಕ್ಕಳು ಗ್ಯಾರೇಜಿಗೆ ತಳ್ಳಿಕೊಂಡು ಹೋಗುತ್ತಾರೆ. ಟ್ಯಾಂಕಿಗೆ ಬಣ್ಣ, ಸೈಲೆನ್ಸರ್‌ಗೆ ಕ್ರೋಮ್, ಸೀಟಿಗೆ ಹೊಸ ರೆಕ್ಸಿನ್ ಆಗುತ್ತದೆ. ಕೊನೆಗೆ ಉಳಿಯುವುದು ಒಂದು ಚಿಕ್ಕ ಕೆಲಸ. ಮೀಟರಿನ ಮೇಲಿನ ಅಂಕಿಗಳು, ಸ್ವಿಚ್ಚಿನ ಸುತ್ತ ಇರುವ ಅಕ್ಷರಗಳು, ಪೆಟ್ರೋಲ್ ಕಾಕ್ ಮೇಲಿನ ಗುರುತು, ಇವೆಲ್ಲ ಮಾಸಿ ಹೋಗಿರುತ್ತವೆ.

ಈ ಕೆಲಸಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಸ್ಟಿಕರ್ ಅಂಗಡಿಯವರು ಕಂಪ್ಯೂಟರಿನಲ್ಲಿ ಯಾವುದೋ ಅಕ್ಷರ ಆರಿಸಿ ಕತ್ತರಿಸಿ ಅಂಟಿಸಿಬಿಡುತ್ತಾರೆ. ಇಲ್ಲವೇ ಪೇಂಟರ್ ಎಲ್ಲದರ ಮೇಲೂ ಕಪ್ಪು ಬಣ್ಣ ಹೊಡೆದು ಮುಚ್ಚುತ್ತಾರೆ. ಗಾಡಿ ಹೊಳೆಯುತ್ತದೆ. ಆದರೆ ಅದು ಎಲ್ಲಿ ಹುಟ್ಟಿತು, ಯಾವ ಕಾಲದ್ದು ಎಂದು ಹೇಳುತ್ತಿದ್ದ ಗುರುತುಗಳು ಅಲ್ಲಿಗೆ ಮುಗಿಯುತ್ತವೆ.

ನಮ್ಮ ಊರುಗಳಲ್ಲಿ ದೇವಸ್ಥಾನದ ಮುಂದಿನ ಶಾಸನಕ್ಕೆ, ಕೆರೆ ಏರಿಯ ವೀರಗಲ್ಲಿಗೆ ಹಬ್ಬದಲ್ಲಿ ಸುಣ್ಣ, ಆಯಿಲ್ ಪೇಂಟ್ ಬಳಿಯುವುದನ್ನು ನೀವು ನೋಡಿರುತ್ತೀರಿ. ಬಳಿಯುವವರದು ಭಕ್ತಿಯೇ. ಆದರೆ ಅಕ್ಷರದ ಹಳ್ಳ ತುಂಬಿ ಓದಲು ಆಗದಂತಾಗುತ್ತದೆ. ಬಿ.ಎಲ್. ರೈಸ್ ಅವರು 19ನೇ ಶತಮಾನದಲ್ಲಿ ಮೈಸೂರು ಸೀಮೆಯ ಶಾಸನಗಳನ್ನು 'ಎಪಿಗ್ರಾಫಿಯ ಕರ್ನಾಟಿಕ' ಸಂಪುಟಗಳಲ್ಲಿ ಸಂಗ್ರಹಿಸಿದರು. ಶಾಸನ ಓದುವವರು ಕಲ್ಲಿನ ಅಕ್ಷರವನ್ನು ತಿದ್ದುವುದಿಲ್ಲ. ಒದ್ದೆ ಕಾಗದ ಹಚ್ಚಿ, ಬ್ರಷ್‌ನಿಂದ ತಟ್ಟಿ, ಮಸಿ ಒತ್ತಿ ಅಚ್ಚು ತೆಗೆದುಕೊಳ್ಳುತ್ತಾರೆ. ಹಳೇ ಬೈಕಿನ ಅಕ್ಷರಕ್ಕೂ ಇದೇ ಕ್ರಮ ಒಳ್ಳೆಯದು ಎಂಬುದು ನಮ್ಮ ಮಾತು. ಮೊದಲು ಓದಿ, ಅಚ್ಚು ಇಟ್ಟುಕೊಳ್ಳಿ. ಬಣ್ಣ ಆಮೇಲೆ.

ಒಂದು ಗಾಡಿಯ ಮೇಲೆ ಹತ್ತು ಹೆಸರು

ಹಳೇ ಬುಲೆಟ್ ಎಂದರೆ ಒಂದೇ ಕಂಪನಿಯ ಮಾಲು ಎಂದು ನಾವು ತಿಳಿದಿದ್ದೇವೆ. ಹತ್ತಿರ ಹೋಗಿ ನೋಡಿದರೆ ಬೇರೆ ಬೇರೆ ಹೆಸರು ಕಾಣುತ್ತವೆ. ರಾಯಲ್ ಎನ್‌ಫೀಲ್ಡ್ ಮೂಲ ಕಾರ್ಖಾನೆ ಇದ್ದದ್ದು ಇಂಗ್ಲೆಂಡಿನ ರೆಡ್ಡಿಚ್ ಊರಿನಲ್ಲಿ. ಭಾರತದ ಸೈನ್ಯಕ್ಕೆ ಬುಲೆಟ್ ಬೇಕಾದಾಗ 1955ರಲ್ಲಿ ಮದ್ರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಶುರುವಾಯಿತು. ಮೊದಮೊದಲು ಬಿಡಿಭಾಗಗಳು ಇಂಗ್ಲೆಂಡಿನಿಂದ ಬಂದು ಇಲ್ಲಿ ಜೋಡಣೆಯಾಗುತ್ತಿದ್ದವು. ವರ್ಷ ಕಳೆದಂತೆ ಒಂದೊಂದೇ ಭಾಗ ಇಲ್ಲೇ ತಯಾರಾಯಿತು.

ಆ ಕಾಲದ ಬ್ರಿಟಿಷ್ ಬೈಕುಗಳಲ್ಲಿ ದೀಪ, ಸ್ವಿಚ್ಚುಗಳ ಮೇಲೆ 'ಲ್ಯೂಕಸ್' ಎಂದಿರುತ್ತಿತ್ತು. ಕಾರ್ಬುರೇಟರ್ ಮೇಲೆ 'ಅಮಲ್', ಮೀಟರಿನ ಮೇಲೆ 'ಸ್ಮಿತ್ಸ್'. ಅಮಲ್ ಎಂಬ ಹೆಸರೇ 1927ರಲ್ಲಿ ಇಂಗ್ಲೆಂಡಿನ ಮೂರು ಕಾರ್ಬುರೇಟರ್ ಕಂಪನಿಗಳು ಒಂದಾದಾಗ ಹುಟ್ಟಿದ್ದು. ಸ್ಮಿತ್ಸ್ ಲಂಡನ್ನಿನ ಗಡಿಯಾರದ ಅಂಗಡಿಯಾಗಿ ಶುರುವಾಗಿ ಮೀಟರಿನ ಕೆಲಸಕ್ಕೆ ಇಳಿದ ಸಂಸ್ಥೆ. ಹಳೇ ಮೀಟರಿನ ಮುಖ ಗೋಡೆ ಗಡಿಯಾರದ ಹಾಗೆ ಕಾಣುವುದರಲ್ಲಿ ಆಶ್ಚರ್ಯ ಇಲ್ಲ. ಹೀಗೆ ಒಂದು ಗಾಡಿಯ ಮೇಲಿನ ಪುಟ್ಟ ಹೆಸರುಗಳನ್ನು ಓದಿದರೆ ಅದರ ಯಾವ ಭಾಗ ಸಮುದ್ರ ದಾಟಿ ಬಂದದ್ದು, ಯಾವುದು ಇಲ್ಲಿಯದು, ಯಾವುದು ಆಮೇಲೆ ಗುಜರಿಯಿಂದ ತಂದು ಹಾಕಿದ್ದು ಎಂಬ ಅಂದಾಜು ಸಿಗುತ್ತದೆ.

ಸ್ವಿಚ್ಚಿನ ಅಕ್ಷರಗಳಿಗೂ ಅರ್ಥ ಇದೆ. ಲ್ಯೂಕಸ್ ದೀಪದ ಸ್ವಿಚ್ಚಿನ ಸುತ್ತ 'ಆಫ್', 'ಎಲ್', 'ಎಚ್' ಎಂಬ ಮೂರು ಗುರುತು ಇರುತ್ತಿದ್ದವು. ಎಲ್ ಎಂದರೆ ಚಿಕ್ಕ ದೀಪ, ಎಚ್ ಎಂದರೆ ಹೆಡ್‌ಲೈಟು. 1950ರ ದಶಕದ ಕೆಲವು ಬ್ರಿಟಿಷ್ ಬೈಕುಗಳ ಕೀಲಿ ಜಾಗದಲ್ಲಿ 'ಇಎಂಜಿ' ಎಂಬ ಮೂರು ಅಕ್ಷರ ಕಾಣುತ್ತದೆ. ಅದು ಎಮರ್ಜೆನ್ಸಿಯ ಗುರುತು. ಬ್ಯಾಟರಿ ಪೂರ್ತಿ ಇಳಿದಾಗ ಕೀಲಿಯನ್ನು ಅಲ್ಲಿಗೆ ತಿರುಗಿಸಿ ಕಿಕ್ ಹೊಡೆದರೆ ಗಾಡಿ ಸ್ಟಾರ್ಟ್ ಆಗುತ್ತಿತ್ತು. ಆಮೇಲೆ ಕೀಲಿಯನ್ನು ಮಾಮೂಲಿ ಜಾಗಕ್ಕೆ ತರಬೇಕು. ಈ ಮೂರು ಅಕ್ಷರ ಅಳಿದರೆ ಮುಂದೆ ಓಡಿಸುವವರಿಗೆ ಹಾಗೊಂದು ಅನುಕೂಲ ಇದೆ ಎಂಬುದೇ ತಿಳಿಯುವುದಿಲ್ಲ.

ಮೈಲಿ ಹೋಗಿ ಕಿಲೋಮೀಟರ್ ಬಂತು

ಮೀಟರಿನ ಮೇಲಿನ ಅಕ್ಷರಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಸ್ಪೀಡು ಯಾವ ಲೆಕ್ಕದಲ್ಲಿದೆ ಎಂದು ಹೇಳುವ ಅಕ್ಷರ. ಅದು 'ಎಂಪಿಎಚ್' ಎಂದಿದ್ದರೆ ಗಂಟೆಗೆ ಇಷ್ಟು ಮೈಲಿ. 'ಕೆಎಂ' ಎಂದಿದ್ದರೆ ಕಿಲೋಮೀಟರು.

ಇದರ ಹಿಂದೆ ನಮ್ಮ ದೇಶದ ಒಂದು ದೊಡ್ಡ ಬದಲಾವಣೆಯ ಕತೆ ಇದೆ. 1957ರ ಏಪ್ರಿಲ್‌ನಲ್ಲಿ ಆಣೆ, ಕಾಸು ಹೋಗಿ ಹೊಸ ಪೈಸೆ ಬಂತು. 1956ರ ತೂಕ ಮತ್ತು ಅಳತೆ ಕಾಯ್ದೆ 1958ರ ಅಕ್ಟೋಬರ್‌ನಿಂದ ಹಂತ ಹಂತವಾಗಿ ಜಾರಿಗೆ ಬಂತು. ಸೇರು, ಮಣ ಹೋಗಿ ಕಿಲೋ, ಕ್ವಿಂಟಾಲ್ ಬಂದವು. ಮೈಲಿ, ಫರ್ಲಾಂಗು ಹೋಗಿ ಕಿಲೋಮೀಟರ್ ಬಂತು. ಮಾತಿನಲ್ಲಿ ಮಾತ್ರ ಹಳೆಯದು ಉಳಿಯಿತು. ರಸ್ತೆ ಬದಿಯ ಕಲ್ಲಿನಲ್ಲಿ ಕಿಲೋಮೀಟರ್ ಬರೆದಿದ್ದರೂ ನಾವು ಅದನ್ನು ಇವತ್ತಿಗೂ ಮೈಲಿಗಲ್ಲು ಎಂದೇ ಕರೆಯುತ್ತೇವೆ.

ಬೈಕಿನ ಮೀಟರುಗಳೂ ಈ ಬದಲಾವಣೆಯ ಸಾಕ್ಷಿಗಳು. ಮೈಲಿ ಲೆಕ್ಕದ ಡಯಲ್ ಇರುವ ಗಾಡಿ ಕಂಡರೆ ಅದು ಹಳೇ ಅಳತೆಯ ಕಾಲದ್ದು, ಇಲ್ಲವೇ ಮೀಟರು ಬ್ರಿಟನ್ನಿನ ಕಡೆಯಿಂದ ಬಂದದ್ದು ಎಂದು ಊಹಿಸಬಹುದು.

ಈಗ ಅಪಾಯದ ಮಾತು. ಮೀಟರು ಹೇಗೆ ಕೆಲಸ ಮಾಡುತ್ತದೆ ಎಂದು ಸ್ವಲ್ಪ ನೋಡೋಣ. 1902ರಲ್ಲಿ ಜರ್ಮನಿಯ ಓಟ್ಟೋ ಶುಲ್ಜೆ ಎಂಬವರು ಪೇಟೆಂಟ್ ಪಡೆದ ವಿಧಾನವೇ ಮುಂದೆ ಬಹಳ ಕಾಲ ನಡೆದು ಬಂತು. ಚಕ್ರದ ಅಥವಾ ಗೇರ್‌ಬಾಕ್ಸಿನ ಕಡೆಯಿಂದ ಬರುವ ಕೇಬಲ್ ಮೀಟರಿನೊಳಗೆ ಒಂದು ಅಯಸ್ಕಾಂತವನ್ನು ತಿರುಗಿಸುತ್ತದೆ. ಅದರ ಪಕ್ಕ ತಾಗದಂತೆ ಒಂದು ಲೋಹದ ಬಟ್ಟಲು ಇರುತ್ತದೆ. ಅಯಸ್ಕಾಂತ ಜೋರಾಗಿ ತಿರುಗಿದಷ್ಟೂ ಬಟ್ಟಲನ್ನು ಎಳೆಯುತ್ತದೆ. ಕೂದಲಿನಷ್ಟು ತೆಳುವಾದ ಸ್ಪ್ರಿಂಗ್ ಅದನ್ನು ಹಿಂದಕ್ಕೆ ಹಿಡಿಯುತ್ತದೆ. ಈ ಎಳೆದಾಟದಲ್ಲಿ ಮುಳ್ಳು ಒಂದು ಕಡೆ ನಿಲ್ಲುತ್ತದೆ. ಮುಳ್ಳಿಗೆ ಮೈಲಿಯೂ ಗೊತ್ತಿಲ್ಲ, ಕಿಲೋಮೀಟರೂ ಗೊತ್ತಿಲ್ಲ. ಅದರ ಕೆಳಗೆ ಬರೆದ ಅಂಕಿ, ಅಕ್ಷರವೇ ನಮಗೆ ಅರ್ಥ ಹೇಳುವುದು.

ಒಂದು ಮೈಲಿ ಎಂದರೆ ಸುಮಾರು 1.6 ಕಿಲೋಮೀಟರ್. ಮೈಲಿಯ ಮೀಟರಿನಲ್ಲಿ ಅಂಕಿಗಳನ್ನು ಹಾಗೇ ಬಿಟ್ಟು, ನೋಡಲು ಚೆಂದ ಎಂದು ಕೆಳಗೆ 'ಕೆಎಂ' ಎಂದು ಬರೆಸಿದರೆ ಏನಾಗುತ್ತದೆ? ಮುಳ್ಳು 40 ತೋರಿಸುವಾಗ ಗಾಡಿ ನಿಜವಾಗಿ 64 ಕಿಲೋಮೀಟರ್ ವೇಗದಲ್ಲಿರುತ್ತದೆ. 50 ತೋರಿಸುವಾಗ 80. ಹಳೇ ಡ್ರಮ್ ಬ್ರೇಕಿನ ಗಾಡಿಯಲ್ಲಿ, ನಮ್ಮ ರಸ್ತೆಗಳಲ್ಲಿ, ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಬಂದಾಗ ಈ ವ್ಯತ್ಯಾಸ ಸಣ್ಣದಲ್ಲ.

ಕೊಳ್ಳುವಾಗಲೂ ಹಾಗೇ. ಒಟ್ಟು ಓಡಿದ ದೂರ ತೋರಿಸುವ ಅಂಕಿಗಳು 10,000 ಎಂದಿದ್ದರೆ ಮೈಲಿ ಲೆಕ್ಕದಲ್ಲಿ ಅದು 16,000 ಕಿಲೋಮೀಟರಿಗೂ ಹೆಚ್ಚು. ಎರಡು ಅಕ್ಷರ ಬದಲಾದರೆ ಗಾಡಿ ಆರು ಸಾವಿರ ಕಿಲೋಮೀಟರ್ ಕಡಿಮೆ ಓಡಿದ ಹಾಗಾಗುತ್ತದೆ.

ಡಯಲ್‌ನ ತಳದಲ್ಲಿ ಇರುವೆಯಷ್ಟು ಚಿಕ್ಕದಾಗಿ ಕೆಲವು ಅಂಕಿಗಳಿರುತ್ತವೆ. ಅವು ಏನೂ ಅಲ್ಲ ಎಂದು ಬಹಳ ಜನ ಬಿಟ್ಟುಬಿಡುತ್ತಾರೆ. ಸ್ಮಿತ್ಸ್‌ನ ಅಯಸ್ಕಾಂತದ ಮೀಟರುಗಳಲ್ಲಿ ಅಲ್ಲಿ 1600 ಎಂದಿದ್ದರೆ, ಕೇಬಲ್ 1600 ಸುತ್ತು ತಿರುಗಿದಾಗ ಒಂದು ಮೈಲಿ ಎಂದು ಅರ್ಥ. ಮೀಟರು ಕೆಟ್ಟು ಬೇರೆಯದು ಹಾಕುವಾಗ ಇದು ಹೊಂದಬೇಕು. ಈ ಅಂಕಿ ಅಳಿದು ಹೋದರೆ ಮುಂದಿನ ಮೆಕ್ಯಾನಿಕ್ ಕತ್ತಲಲ್ಲಿ ತಡಕಾಡಬೇಕು.

ನಮ್ಮ ಮೈಸೂರಿನ ಗಾಡಿ

ನಮ್ಮ ಕಡೆ ಹಳೇ ಗಾಡಿಯ ಮಾತು ಬಂದರೆ ಬುಲೆಟ್‌ಗಿಂತ ಮೊದಲು ಜಾವಾ ಬರಬೇಕು. ಜಾವಾ ಹುಟ್ಟಿದ್ದು ಆಗಿನ ಚೆಕೊಸ್ಲೊವಾಕಿಯಾದಲ್ಲಿ, 1929ರಲ್ಲಿ. ಅಲ್ಲಿನ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಕಾರ್ಖಾನೆ ಮಾಲೀಕರು ಜರ್ಮನಿಯ ವಾಂಡರರ್ ಕಂಪನಿಯಿಂದ ಬೈಕ್ ಮಾಡುವ ಹಕ್ಕು ಕೊಂಡರು. ಅವರ ಹೆಸರಿನ ಮೊದಲ ಎರಡು ಅಕ್ಷರ, ವಾಂಡರರ್‌ನ ಮೊದಲ ಎರಡು ಅಕ್ಷರ ಸೇರಿ 'ಜಾವಾ' ಆಯಿತು. ಜಾವಾ ದ್ವೀಪಕ್ಕೂ ಈ ಹೆಸರಿಗೂ ಸಂಬಂಧ ಇಲ್ಲ.

1960ರಲ್ಲಿ ಮೈಸೂರಿನಲ್ಲಿ ಐಡಿಯಲ್ ಜಾವಾ ಕಂಪನಿ ಸ್ಥಾಪನೆಯಾಯಿತು. ಇದರ ಹಿಂದೆ ಇದ್ದವರು ರುಸ್ತುಂ ಇರಾನಿ ಮತ್ತು ಫರೂಖ್ ಇರಾನಿ. ಯಾದವಗಿರಿಯ ಕಾರ್ಖಾನೆಯನ್ನು 1961ರಲ್ಲಿ ಉದ್ಘಾಟಿಸಿದವರು ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್. ಆ ಬೈಕಿನ ಮೀಟರು ಬೇರೆ ಡಬ್ಬಿಯಲ್ಲಿ ಇರಲಿಲ್ಲ. ಹೆಡ್‌ಲೈಟಿನ ಚಿಪ್ಪಿನ ಮೇಲೇ ಕೂತಿರುತ್ತಿತ್ತು. ಗೇರ್ ಹಾಕುವ ಲಿವರನ್ನೇ ಎತ್ತಿ ತಿರುಗಿಸಿದರೆ ಕಿಕ್ಕರ್ ಆಗುತ್ತಿತ್ತು. ಈಗಿನ ಹುಡುಗರಿಗೆ ತೋರಿಸಿದರೆ ಕಿಕ್ಕರ್ ಎಲ್ಲಿ ಎಂದು ಹುಡುಕುತ್ತಾರೆ.

1973ರ ನವೆಂಬರ್‌ನಲ್ಲಿ ಮೈಸೂರು ರಾಜ್ಯದ ಹೆಸರು ಕರ್ನಾಟಕ ಆಯಿತು. ಸರಿಸುಮಾರು ಅದೇ ಹೊತ್ತಿಗೆ ಟ್ಯಾಂಕಿನ ಮೇಲಿನ ಜಾವಾ ಹೋಗಿ ಯೆಜ್ಡಿ ಬಂತು. ಯೆಜ್ಡಿ ಎಂಬುದು ಇರಾನಿನ ಯಜ್ದ್ ಪಟ್ಟಣದ ಹೆಸರಿನಿಂದ ಬಂದದ್ದು. 1978ರಲ್ಲಿ ರೋಡ್‌ಕಿಂಗ್ ಬಂತು. 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. ಮುಂದೆ 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರುಗಳು ಬೇರೆ ಕಂಪನಿಯಿಂದ ಮತ್ತೆ ಮಾರುಕಟ್ಟೆಗೆ ಬಂದವು. ಯೆಜ್ಡಿ ಎಂಬ ಹೆಸರು ಯಾರಿಗೆ ಸೇರಿದ್ದು ಎಂಬ ವ್ಯಾಜ್ಯ ಕರ್ನಾಟಕ ಹೈಕೋರ್ಟಿನವರೆಗೂ ಹೋಯಿತು. ಗಾಡಿ ತಯಾರಾಗುವುದು ನಿಂತು ಕಾಲು ಶತಮಾನ ಕಳೆದ ಮೇಲೂ ಒಂದು ಹೆಸರಿಗೆ ಇಷ್ಟು ಬೆಲೆ.

ಮೈಸೂರಿನ ಎಷ್ಟೋ ಮನೆಗಳ ಒಲೆ ಉರಿಸಿದ ಕಾರ್ಖಾನೆ ಅದು. ಅಲ್ಲಿ ಕೆಲಸ ಮಾಡಿದವರ ಕೈಗೆಲಸ ಇವತ್ತು ಉಳಿದಿರುವುದು ಊರೂರಿನ ಗಾಡಿಗಳ ಮೇಲೆ. ಯೆಜ್ಡಿಯನ್ನು ಜಾವಾ ಮಾಡಿ ಮಾರುವ ಆಸೆಗೆ ಟ್ಯಾಂಕಿನ ಹೆಸರು ಬದಲಾಯಿಸಿದರೆ, ಅಚ್ಚೊತ್ತಿದ ಅಕ್ಷರ ಉಜ್ಜಿ ನುಣುಪು ಮಾಡಿದರೆ, ಮೊದಲು ಅಳಿಯುವುದು ಅವರ ಗುರುತು.

ಕಾನೂನಿನ ಕಡೆಯಿಂದಲೂ ಇದಕ್ಕೆ ಬೆಲೆ ಬಂದಿದೆ. 2021ರಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು ವಿಂಟೇಜ್ ವಾಹನಗಳಿಗೆ ಬೇರೆ ನೋಂದಣಿ ಮಾಡಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಬೈಕು, ಕಾರುಗಳಿಗೆ 'ವಿಎ' ಅಕ್ಷರ ಇರುವ ನಂಬರ್ ಸಿಗುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ಚಾಸಿ, ಬಾಡಿ, ಇಂಜಿನ್‌ಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು ಎಂಬುದು ಷರತ್ತು. ಮೈಸೂರಿನಲ್ಲಿ ತಯಾರಾದ ಜಾವಾಗಳು ಈಗ ಈ ವಯಸ್ಸಿಗೆ ಬಂದಿವೆ. ನಂಬರ್ 'ಎಂವೈ' ಎಂದು ಶುರುವಾಗಿದ್ದರೆ ಅದು ಮೈಸೂರು ರಾಜ್ಯದ ಹೆಸರಿನಿಂದ ಬಂದ ಗುರುತು. ಆ ಆರ್‌ಸಿ ಬುಕ್ಕನ್ನೂ ಜೋಪಾನ ಮಾಡಿ. ಇಂಜಿನ್ ನಂಬರ್, ಚಾಸಿ ನಂಬರ್ ಮಾತ್ರ ಯಾವ ಕಾರಣಕ್ಕೂ ಉಜ್ಜಬೇಡಿ, ತಿದ್ದಬೇಡಿ. ಅದು ಅಪರಾಧ.

ಹೊಳೆಯುವ ಅಂಕಿಯ ಹಿಂದಿನ ಸಾವು

ನಂಬರ್ ಪ್ಲೇಟಿಗೆ ಹೊಳೆಯುವ ಅಕ್ಷರ ಅಂಟಿಸುವುದನ್ನು ನಮ್ಮ ಕಡೆ 'ರೇಡಿಯಂ ಹಾಕಿಸುವುದು' ಎನ್ನುತ್ತೇವೆ. ಆ ಸ್ಟಿಕರಿನಲ್ಲಿ ರೇಡಿಯಂ ಇರುವುದಿಲ್ಲ, ಅದು ಬೆಳಕು ಬಿದ್ದಾಗ ಮಾತ್ರ ಹೊಳೆಯುವ ಹಾಳೆ. ಆದರೆ ನಿಜವಾದ ರೇಡಿಯಂನಿಂದ ಮೀಟರಿನ ಅಂಕಿ ಬರೆದ ಕಾಲ ಒಂದಿತ್ತು. ಅಕ್ಷರಕ್ಕೆ ಬಣ್ಣ ಹಾಕುವ ಕೆಲಸದ ಚರಿತ್ರೆಯಲ್ಲಿ ಅದರಷ್ಟು ದುಃಖದ ಅಧ್ಯಾಯ ಇನ್ನೊಂದಿಲ್ಲ.

ಮೇರಿ ಮತ್ತು ಪಿಯರ್ ಕ್ಯೂರಿ ದಂಪತಿ 1898ರಲ್ಲಿ ರೇಡಿಯಂ ಕಂಡುಹಿಡಿದರು. ಅದನ್ನು ಝಿಂಕ್ ಸಲ್ಫೈಡ್ ಜೊತೆ ಬೆರೆಸಿದರೆ ಕತ್ತಲಲ್ಲೂ ಹಸಿರಾಗಿ ಹೊಳೆಯುವ ಬಣ್ಣ ಸಿಗುತ್ತಿತ್ತು. ಮೊದಲ ಮಹಾಯುದ್ಧದಲ್ಲಿ ಸೈನಿಕರ ಗಡಿಯಾರ, ವಿಮಾನದ ಮೀಟರುಗಳಿಗೆ ಇದು ಬೇಕಾಯಿತು. ಅಮೆರಿಕದ ನ್ಯೂಜೆರ್ಸಿ ರಾಜ್ಯದ ಆರೆಂಜ್ ಎಂಬ ಊರಿನಲ್ಲಿ 1917ರಿಂದ ಹುಡುಗಿಯರು ಸಾಲಾಗಿ ಕೂತು ಡಯಲ್‌ಗಳ ಮೇಲೆ ಅಂಕಿ ಬರೆದರು. ಸಣ್ಣ ಅಂಕಿಗೆ ಬ್ರಷ್‌ನ ತುದಿ ಚೂಪಾಗಿರಬೇಕು. ಬ್ರಷ್ಷನ್ನು ತುಟಿಯ ನಡುವೆ ಇಟ್ಟು ಚೂಪು ಮಾಡಿಕೊಳ್ಳಲು ಅವರಿಗೆ ಕಲಿಸಲಾಗಿತ್ತು. ಪ್ರತಿ ಸಲವೂ ಸ್ವಲ್ಪ ರೇಡಿಯಂ ಹೊಟ್ಟೆಗೆ ಹೋಗುತ್ತಿತ್ತು. ಕೆಲವು ವರ್ಷಗಳಲ್ಲಿ ಹಲ್ಲು ಉದುರಿದವು, ದವಡೆ ಮೂಳೆ ಕೊಳೆಯಿತು, ಸಾವುಗಳಾದವು. ಗ್ರೇಸ್ ಫ್ರೈಯರ್ ಸೇರಿ ಐವರು ಹೆಣ್ಣುಮಕ್ಕಳು ಕಂಪನಿಯ ಮೇಲೆ ಕೇಸು ಹಾಕಿದರು. 1928ರಲ್ಲಿ ರಾಜಿಯಾಗಿ ಪರಿಹಾರ ಸಿಕ್ಕಿತು. ಕಾರ್ಮಿಕರ ಆರೋಗ್ಯದ ಹೋರಾಟದಲ್ಲಿ ಇವರ ಹೆಸರು ಈಗಲೂ ಮೊದಲು ಬರುತ್ತದೆ.

ಇದನ್ನು ಇಲ್ಲಿ ಹೇಳುವುದಕ್ಕೆ ಕಾರಣ ಇದೆ. ಎರಡನೇ ಮಹಾಯುದ್ಧದ ಕಾಲದ ಮತ್ತು ಅದಕ್ಕೂ ಹಿಂದಿನ ಕೆಲವು ವಾಹನಗಳ ಮೀಟರಿನಲ್ಲೂ ಇಂಥ ಬಣ್ಣ ಬಳಸಿದ್ದರು. ಅಂಕಿಗಳು ದಪ್ಪಗೆ ಉಬ್ಬಿ, ಹಳದಿಯೋ ಕಂದೋ ಬಣ್ಣಕ್ಕೆ ತಿರುಗಿ, ಪುಡಿಪುಡಿಯಾಗಿ ಉದುರುವಂತಿದ್ದರೆ ಅನುಮಾನ ಪಡಿ. ಈಗ ಕತ್ತಲಲ್ಲಿ ಹೊಳೆಯುವುದಿಲ್ಲ ಎಂದು ಧೈರ್ಯ ತಂದುಕೊಳ್ಳಬೇಡಿ. ಹೊಳಪು ಕೊಡುವ ಝಿಂಕ್ ಸಲ್ಫೈಡ್ ಸವೆದಿರುತ್ತದೆ, ರೇಡಿಯಂ ಹಾಗೇ ಇರುತ್ತದೆ. ಅದರ ಶಕ್ತಿ ಅರ್ಧಕ್ಕೆ ಇಳಿಯಲು 1600 ವರ್ಷ ಬೇಕು. ಅಂಥ ಮೀಟರಿನ ಗಾಜು ತೆಗೆಯಬೇಡಿ, ಕೆರೆಯಬೇಡಿ, ಊದಬೇಡಿ, ಮಕ್ಕಳ ಕೈಗೆ ಕೊಡಬೇಡಿ. ಹಾಗೇ ಮುಚ್ಚಿಡಿ. ಬಲ್ಬಿನ ಬೆಳಕಿನಲ್ಲಿ ಓದುವ, ತೆಳುವಾಗಿ ಅಚ್ಚು ಹಾಕಿದ ಮಾಮೂಲಿ ಬಿಳಿ ಅಂಕಿಗಳಿಗೆ ಈ ಮಾತು ಅನ್ವಯಿಸುವುದಿಲ್ಲ.

ಕೆಲಸ ಹೇಗೆ ಮಾಡಬೇಕು

ಅಕ್ಷರಗಳು ಮೂರು ಬಗೆ. ಸ್ಟೀಲ್ ಪಾತ್ರೆಯ ಮೇಲೆ ಹೆಸರು ಹಾಕಿಸಿದ ಹಾಗೆ ಒಳಗೆ ಕೊರೆದದ್ದು ಒಂದು. ನಾಣ್ಯದ ಮೇಲಿನ ಅಕ್ಷರದ ಹಾಗೆ ಉಬ್ಬಿದ್ದು ಇನ್ನೊಂದು. ಮದುವೆ ಪತ್ರಿಕೆಯ ಹಾಗೆ ಮೇಲೆ ಅಚ್ಚು ಹಾಕಿದ್ದು ಮೂರನೆಯದು. ಒಂದೊಂದಕ್ಕೂ ಕ್ರಮ ಬೇರೆ.

ಎಲ್ಲಕ್ಕೂ ಮೊದಲು ಫೋಟೋ. ಫೋನಿನಲ್ಲಿ ನೇರವಾಗಿ ಹಿಡಿದು, ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೆಯಿರಿ. ಓರೆ ಬೆಳಕಿನಲ್ಲಿ ಇನ್ನೊಂದು ತೆಗೆಯಿರಿ. ಕಣ್ಣಿಗೆ ಕಾಣದ ಅಕ್ಷರ ಓರೆ ಬೆಳಕಿನಲ್ಲಿ ಎದ್ದು ಕಾಣುತ್ತದೆ. ಆಮೇಲೆ ಸೋಪಿನ ನೀರು, ಮೆತ್ತನೆ ಹಲ್ಲುಜ್ಜುವ ಬ್ರಷ್. ತಂತಿ ಬ್ರಷ್ ಬೇಡ. ಎಷ್ಟೋ ಸಲ ಜಿಡ್ಡು ಹೋದರೆ ಕೆಳಗೆ ಹಳೇ ಬಣ್ಣ ಇನ್ನೂ ಚೆನ್ನಾಗಿಯೇ ಇರುತ್ತದೆ. ಹಾಗಿದ್ದರೆ ಅಲ್ಲಿಗೆ ನಿಲ್ಲಿಸಿ.

ಒಳಗೆ ಕೊರೆದ ಅಕ್ಷರಕ್ಕೆ ಎನಾಮಲ್ ಪೇಂಟನ್ನು ಸಣ್ಣ ಬ್ರಷ್ಷಿನಲ್ಲೋ ಕಡ್ಡಿಯ ತುದಿಯಲ್ಲೋ ಹಳ್ಳ ತುಂಬುವಷ್ಟು ಇಡಿ. ಸ್ವಲ್ಪ ಬಿಗಿಯಾದ ಮೇಲೆ ಹಳೇ ಬನಿಯನ್ ಬಟ್ಟೆಯನ್ನು ಒಂದು ಚಪ್ಪಟೆ ತುಂಡಿಗೆ ಬಿಗಿಯಾಗಿ ಸುತ್ತಿ, ಟರ್ಪೆಂಟೈನ್‌ನಲ್ಲಿ ಲೇಸಾಗಿ ತೇವ ಮಾಡಿ, ಮೇಲಿನದನ್ನು ಒರೆಸಿ. ಬಟ್ಟೆ ಸಡಿಲ ಇದ್ದರೆ ಹಳ್ಳದೊಳಗೆ ಇಳಿದು ತುಂಬಿದ ಬಣ್ಣವನ್ನೂ ಎಳೆದುಕೊಂಡು ಬರುತ್ತದೆ. ಗಟ್ಟಿ ತಿನ್ನರ್ ಬಳಸಬೇಡಿ, ಕೆಳಗಿನ ಬಣ್ಣವೇ ಏಳುತ್ತದೆ.

ಲೋಹದ ಉಬ್ಬಿದ ಅಕ್ಷರ ಇದ್ದರೆ ಮೊದಲು ಹಿನ್ನೆಲೆಗೆ ಪೂರ್ತಿ ಬಣ್ಣ ಹಾಕಿ ಒಣಗಲು ಬಿಡಿ. ಆಮೇಲೆ ನುಣುಪು ವಾಟರ್ ಪೇಪರನ್ನು ಮರದ ತುಂಡಿಗೆ ಸುತ್ತಿ, ನೀರು ಹಾಕಿ, ಅಕ್ಷರದ ನೆತ್ತಿ ಮಾತ್ರ ಕಾಣುವಷ್ಟು ಉಜ್ಜಿ. ಬೆರಳಿನಿಂದ ಒತ್ತಿ ಉಜ್ಜಿದರೆ ಅಂಚು ಸವೆಯುತ್ತದೆ.

ಮೀಟರಿನ ಅಚ್ಚಿನ ಅಂಕಿಗಳದ್ದೇ ಕಷ್ಟ. ಅದರ ಮೇಲೆ ಟರ್ಪೆಂಟೈನ್, ತಿನ್ನರ್, ಪೆಟ್ರೋಲ್ ಯಾವುದೂ ಬೀಳಬಾರದು, ಇದ್ದದ್ದೂ ಹೋಗುತ್ತದೆ. ಗಾಜಿನ ಸುತ್ತಲಿನ ರಿಂಗ್ ಬಿಚ್ಚಿ ಮುಳ್ಳು ಕಿತ್ತರೆ ಸ್ಪ್ರಿಂಗಿನ ಹದ ತಪ್ಪಿ ಮೀಟರು ಸುಳ್ಳು ಹೇಳಲು ಶುರುಮಾಡುತ್ತದೆ. ಬಿಚ್ಚುವ ಕೆಲಸ ಮೀಟರ್ ರಿಪೇರಿ ಬಲ್ಲವರಿಗೇ ಬಿಡಿ. ಬಣ್ಣದ ವಿಷಯದಲ್ಲಿ ನೀವು ಅವರಿಗೆ ಹೇಳಬೇಕಾದದ್ದು ಇಷ್ಟು: ಚೆನ್ನಾಗಿರುವ ಅಂಕಿ ಮುಟ್ಟಬೇಡಿ, ಹೋಗಿರುವ ಕಡೆ ಮಾತ್ರ ತುಂಬಿ, ಅಂಕಿಯ ಆಕಾರ ಹಳೆಯದೇ ಇರಲಿ, ತಳದ ಸಣ್ಣ ಅಂಕಿ ಬಿಡಬೇಡಿ. ಪೂರ್ತಿ ಹೊಸ ಡಯಲ್ ಹಾಕಲೇಬೇಕು ಎಂದಾದರೆ ಹಾಕಿಸಿ. ಹಳೆಯದನ್ನು ಮಾತ್ರ ವಾಪಸ್ ಕೇಳಿ ಪಡೆಯಿರಿ.

ಒಂದು ಕಾಗದದಲ್ಲಿ ಯಾವ ಅಕ್ಷರಕ್ಕೆ ಯಾವತ್ತು ಬಣ್ಣ ಹಾಕಿದಿರಿ, ಯಾವುದು ಮೊದಲಿನದೇ, ಯಾವುದು ಹೊಸದು ಎಂದು ಬರೆಯಿರಿ. ತಾರೀಖು ಹಾಕಿ, ಹಳೇ ಡಯಲ್ ಜೊತೆ ಆರ್‌ಸಿ ಬುಕ್ಕಿನ ಕವರಿನಲ್ಲಿ ಇಟ್ಟುಬಿಡಿ. ಮುಂದೆ ಆ ಗಾಡಿ ಯಾರ ಕೈಗೆ ಹೋದರೂ ಅವರು ಮೊದಲು ಬಿಚ್ಚಿ ನೋಡುವುದು ಆ ಕವರನ್ನೇ.